ಒಂದು ವಿಮಾನ, ಒಂದು ದಿನ: ಎರಡನೇ ಮಹಾಯುದ್ಧದ ಜರ್ಮನ್ ಫೈಟರ್ ಮಾಡೆಲ್‌ಗಳಿಗೆ ಆಧಾರ ಹುಡುಕುವ ಕ್ರಮ

“109ಕ್ಕೆ ಯಾವ ಬಣ್ಣ ಹಚ್ಚಬೇಕು?” ಎಂದು ಕಿಟ್ ಜೋಡಿಸಿ ವಿಮಾನಗಳ ಪುಟ್ಟ ಮಾಡೆಲ್ ಮಾಡುವ ಈ ಹವ್ಯಾಸಕ್ಕೆ ಹೊಸದಾಗಿ ಇಳಿದವರು ಕೇಳಿದಾಗ ನಾನು ಉತ್ತರ ಕೊಡುವುದಿಲ್ಲ, ಮರುಪ್ರಶ್ನೆ ಹಾಕುತ್ತೇನೆ: ಯಾವ 109, ಯಾರು ಹಾರಿಸಿದ್ದು, ಯಾವ ತಿಂಗಳಿನದು? ಮೆಸ್ಸರ್‌ಶ್ಮಿಟ್ ಬಿಎಫ್ 109 ಮೊದಲು ಹಾರಿದ್ದು 1935ರಲ್ಲಿ. 1945ರಲ್ಲಿ ಜರ್ಮನಿ ಶರಣಾಗುವ ಹೊತ್ತಿಗೆ 30,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿದ್ದವು. ಈ ಹತ್ತು ವರ್ಷಗಳಲ್ಲಿ ಅದರ ಎಂಜಿನ್ ಬದಲಾಯಿತು, ರೆಕ್ಕೆಯ ತುದಿ ಬದಲಾಯಿತು, ಬಂದೂಕು, ಗಾಜು, ಚಕ್ರ, ಬಾಲ, ಬಣ್ಣ ಎಲ್ಲವೂ ಬದಲಾದವು. ಒಂದೇ ಹೆಸರಿನ ಮಾದರಿ ಎರಡು ಕಾರ್ಖಾನೆಗಳಿಂದ ಹೊರಬಂದಾಗ ಅವು ಕೂಡ ಪೂರ್ತಿ ಒಂದೇ ತೆರನಾಗಿರಲಿಲ್ಲ. ಆದ್ದರಿಂದ “109” ಎಂಬುದನ್ನೇ ಸಂಶೋಧಿಸಲು ಹೊರಟರೆ ದಾರಿ ಮುಗಿಯುವುದಿಲ್ಲ. ಒಂದು ನಿರ್ದಿಷ್ಟ ವಿಮಾನವನ್ನು, ಅದೂ ಅದರ ಆಯುಷ್ಯದ ಒಂದು ನಿರ್ದಿಷ್ಟ ದಿನವನ್ನು ಹಿಡಿದುಕೊಂಡರೆ ಮಾತ್ರ ಪ್ರಶ್ನೆಗಳಿಗೆ ಉತ್ತರ ಸಿಗತೊಡಗುತ್ತದೆ.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡ ಮೇಲೆ. ಹಲವು ವರ್ಷಗಳ ಹಿಂದೆ ಉತ್ತರ ಆಫ್ರಿಕಾದಲ್ಲಿ ಕಾದಾಡಿದ ಜರ್ಮನ್ ಪೈಲಟ್ ಹಾನ್ಸ್-ಯೋವಾಖಿಮ್ ಮಾರ್ಸೈಯ ‘ಹಳದಿ 14’ನ್ನು, ಅಂದರೆ ಬದಿಯಲ್ಲಿ ಹಳದಿ ಬಣ್ಣದ 14 ಅಂಕಿ ಹೊತ್ತ 109ನ್ನು, 1:48 ಪ್ರಮಾಣದಲ್ಲಿ ಮಾಡಿ ಮುಗಿಸಿ, ಬಹಳ ಹೆಮ್ಮೆಯಿಂದ ಹಿರಿಯ ಗೆಳೆಯರೊಬ್ಬರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ಬಾಲದ ಹತ್ತಿರ ಕಣ್ಣು ಹಾಯಿಸಿ, “ಇದು ಯಾವ ತಿಂಗಳ ಹದಿನಾಲ್ಕು ಮಾರಾಯ?” ಎಂದು ಕೇಳಿದರು. ನನ್ನ ಡೆಕಾಲ್ ಹಾಳೆಯಲ್ಲಿ (ಮಾಡೆಲ್ ಮೇಲೆ ಅಂಟಿಸುವ ಗುರುತುಗಳ ಹಾಳೆ) ಒಂದು ವಿಮಾನದ ಕ್ರಮಸಂಖ್ಯೆಯೂ ಅದಕ್ಕಿಂತ ತಿಂಗಳುಗಟ್ಟಲೆ ಈಚಿನ ಇನ್ನೊಂದು ವಿಮಾನದ ಚುಕ್ಕಾಣಿಯ (ಲಂಬಬಾಲದ ಹಿಂಬದಿಯ ತಿರುಗುವ ಹಲಗೆಯ) ಗುರುತುಗಳೂ ಒಟ್ಟಿಗೆ ಅಚ್ಚಾಗಿದ್ದವು. ನಾನು ಎರಡನ್ನೂ ಕಣ್ಣು ಮುಚ್ಚಿ ಅಂಟಿಸಿದ್ದೆ. ಅಂಥ ವಿಮಾನ ಎಂದೂ ಇರಲೇ ಇಲ್ಲ. ಈ ಬರಹದಲ್ಲಿ ಅದೇ ಹಳದಿ 14ನ್ನು ಉದಾಹರಣೆಯಾಗಿ ಇಟ್ಟುಕೊಂಡು ಹಂತಹಂತವಾಗಿ ಸಾಗುತ್ತೇನೆ. ಆ ಕಾಲದ ಬೇರೆ ಜರ್ಮನ್ ಫೈಟರ್‌ಗಳಾದ ಫೋಕೆ-ವುಲ್ಫ್ 190ಕ್ಕೂ ಮೆಸ್ಸರ್‌ಶ್ಮಿಟ್ 262ಕ್ಕೂ ಕ್ರಮ ಇದೇ.

ಹಂತ 1: ಮಾಡೆಲ್‌ನ ವಿಳಾಸ ಬರೆದುಕೊಳ್ಳಿ

ಕಿಟ್‌ನ ಡಬ್ಬಿ ತೆರೆಯುವ ಮೊದಲು ಒಂದು ಕಾಗದದ ಮೇಲೆ ಐದು ಸಂಗತಿ ಬರೆಯಿರಿ: ಉಪಮಾದರಿ, ಕಾರ್ಖಾನೆಯ ಕ್ರಮಸಂಖ್ಯೆ, ದಳ, ಸ್ಥಳ, ಕಾಲ. ಜರ್ಮನರು ವೆರ್ಕ್‌ನುಮ್ಮರ್ ಎಂದು ಕರೆಯುತ್ತಿದ್ದ ಕ್ರಮಸಂಖ್ಯೆಯೇ ಇವುಗಳಲ್ಲಿ ಮುಖ್ಯವಾದದ್ದು. ಪೈಲಟ್ ಬದಲಾಗಬಹುದು, ಬದಿಯ ಅಂಕಿ ಅಳಿಸಿ ಬೇರೆ ಬರೆಯಬಹುದು, ಆದರೆ ವೆರ್ಕ್‌ನುಮ್ಮರ್ ವಿಮಾನದ ಜನ್ಮನಕ್ಷತ್ರದ ಹಾಗೆ, ಕೊನೆಯವರೆಗೂ ಅದರ ಜೊತೆಗೇ ಇರುತ್ತದೆ. ಮಾರ್ಸೈ 1942ರಲ್ಲಿ ಒಂದಾದ ಮೇಲೊಂದರಂತೆ ನಾಲ್ಕು ಎಫ್-4/ಟ್ರಾಪ್ ವಿಮಾನಗಳನ್ನು (109ರ ಎಫ್-4 ಉಪಮಾದರಿ, ಬಿಸಿಲುನಾಡಿಗೆ ಸಜ್ಜುಗೊಳಿಸಿದ್ದು) ಹಳದಿ 14 ಎಂದು ಹಾರಿಸಿದ. ಅವುಗಳ ವೆರ್ಕ್‌ನುಮ್ಮರ್ 12593, 10059, 10137 ಮತ್ತು 8673. ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ವಿಮಾನ ಹೊಸದು ಎಂದು ತಿಳಿಯಬಾರದು ಎಂಬುದನ್ನೂ ಈ ಪಟ್ಟಿಯೇ ತೋರಿಸುತ್ತದೆ, ಏಕೆಂದರೆ ಸಂಖ್ಯೆಗಳನ್ನು ಕಾರ್ಖಾನೆಗಳಿಗೆ ಗುಂಪುಗುಂಪಾಗಿ ಹಂಚಲಾಗುತ್ತಿತ್ತು. 1942ರ ಸೆಪ್ಟೆಂಬರ್ 30ರಂದು ಆತ ಸತ್ತದ್ದು ಈ ನಾಲ್ಕರಲ್ಲಿ ಯಾವುದರಲ್ಲೂ ಅಲ್ಲ, ಜಿ-2/ಟ್ರಾಪ್ 14256ರಲ್ಲಿ. ಎಂಜಿನ್ ಕೆಟ್ಟು ಕಾಕ್‌ಪಿಟ್ ಹೊಗೆಯಿಂದ ತುಂಬಿ, ಹೊರಗೆ ಹಾರುವಾಗ ಬಾಲಕ್ಕೆ ಬಡಿದು. “ಮಾರ್ಸೈಯ ಕೊನೆಯ ವಿಮಾನ” ಎಂದು ಡಬ್ಬಿಯ ಮೇಲೆ ಬರೆದು ಒಳಗೆ ಎಫ್-4 ಇಟ್ಟಿದ್ದರೆ ಅಲ್ಲಿಯೇ ಎಚ್ಚರಗೊಳ್ಳಬೇಕು.

ಬದಿಯ ಅಂಕಿಯನ್ನು ಓದುವುದಕ್ಕೂ ಒಂದು ವ್ಯಾಕರಣವಿದೆ. ಫೈಟರ್‌ಗಳ ದೊಡ್ಡ ದಳ ಯಾಗ್ಡ್‌ಗೆಶ್ವಾಡರ್, ಚಿಕ್ಕದಾಗಿ ಜೆಜಿ, ಅದರೊಳಗೆ ಗ್ರುಪ್ಪೆಗಳು, ಪ್ರತಿ ಗ್ರುಪ್ಪೆಯೊಳಗೆ ಯುದ್ಧದ ಬಹುಪಾಲು ಕಾಲ ಮೂರು ಸ್ಟಾಫೆಲ್‌ಗಳು. ಸಾಮಾನ್ಯವಾಗಿ ಗ್ರುಪ್ಪೆಯ ಮೊದಲ ಸ್ಟಾಫೆಲ್‌ಗೆ ಬಿಳಿ ಅಂಕಿ, ಎರಡನೆಯದಕ್ಕೆ ಕೆಂಪು ಅಥವಾ ಕಪ್ಪು, ಮೂರನೆಯದಕ್ಕೆ ಹಳದಿ. ಒಂದನೇ ಗ್ರುಪ್ಪೆಯ ವಿಮಾನಗಳಿಗೆ ಬದಿಯಲ್ಲಿರುವ ಜರ್ಮನ್ ಶಿಲುಬೆ ಗುರುತಿನ ಹಿಂದೆ ಯಾವ ಗುರುತೂ ಇರುತ್ತಿರಲಿಲ್ಲ, ಎರಡನೆಯದಕ್ಕೆ ಅಡ್ಡಗೆರೆ, ಮೂರನೆಯದಕ್ಕೆ ಲಂಬಗೆರೆ, ಕೆಲವೆಡೆ ಅಲೆಗೆರೆ. ಮಾರ್ಸೈ ಜೆಜಿ 27ರ ಒಂದನೇ ಗ್ರುಪ್ಪೆಯ 3ನೇ ಸ್ಟಾಫೆಲ್‌ನವನು. ಹಳದಿ ಅಂಕಿ, ಶಿಲುಬೆಯ ಹಿಂದೆ ಏನೂ ಇಲ್ಲ, ಲೆಕ್ಕ ಸರಿಹೋಯಿತು. ನಿಮ್ಮ ಡೆಕಾಲ್ ಹಾಳೆ ಇದೇ ಸ್ಟಾಫೆಲ್‌ನ ಹೆಸರು ಹೇಳಿ ಹಳದಿ ಅಂಕಿಯ ಹಿಂದೆ ಅಡ್ಡಗೆರೆ ಕೊಟ್ಟಿದ್ದರೆ ಒಂದೋ ದಳದ ಹೆಸರು ತಪ್ಪು, ಇಲ್ಲವೇ ಗೆರೆ ತಪ್ಪು. 1944ರಲ್ಲಿ ಗ್ರುಪ್ಪೆಗಳಿಗೆ ನಾಲ್ಕನೆಯ ಸ್ಟಾಫೆಲ್ ಸೇರಿ ಸಂಖ್ಯೆಗಳೆಲ್ಲ ಮರುಹಂಚಿಕೆಯಾದ್ದರಿಂದ, ಆ ವರ್ಷದ ನಂತರದ ವಿಮಾನಗಳಿಗೆ ಈ ಲೆಕ್ಕವನ್ನು ಹಾಗೆಯೇ ಹಚ್ಚಬೇಡಿ.

ಹಂತ 2: ಉಪಮಾದರಿಯನ್ನು ಕಣ್ಣಿನಿಂದಲೇ ಗುರುತಿಸಲು ಕಲಿಯಿರಿ

ಫೋಟೋದ ಅಡಿಬರಹ ಏನೇ ಹೇಳಲಿ, ವಿಮಾನವೇ ತನ್ನ ಹೆಸರು ಹೇಳುತ್ತದೆ. 109ರ ಇ ಮಾದರಿಗೆ ಬಾಲದ ಅಡ್ಡರೆಕ್ಕೆಯ ಕೆಳಗೆ ಆಸರೆಯ ಕಂಬಿಗಳಿದ್ದವು, ರೆಕ್ಕೆಯ ತುದಿ ಚಪ್ಪಟೆಯಾಗಿ ಕತ್ತರಿಸಿದಂತಿತ್ತು. ಎಫ್ ಮಾದರಿಯಲ್ಲಿ ಕಂಬಿಗಳು ಹೋದವು, ತುದಿಗಳು ದುಂಡಗಾದವು, ಮೂತಿ ನುಣುಪಾಯಿತು. ಎಫ್-2ರ ಮೂತಿಯ ನಡುವಿನಿಂದ ಗುಂಡು ಹಾರಿಸುತ್ತಿದ್ದದ್ದು 15 ಮಿ.ಮೀ. ಬಂದೂಕಾದರೆ ಎಫ್-4ರಲ್ಲಿ ಅದು 20 ಮಿ.ಮೀ. ಆಯಿತು; ಹೊರನೋಟಕ್ಕೆ ಇದು ಹೆಚ್ಚು ನೆರವಾಗುವುದಿಲ್ಲ. ಎಫ್‌ನಿಂದ ಜಿಗೆ ಬರುವಾಗ ನೋಡಬೇಕಾದದ್ದು ಮುಂಗಾಜಿನ ಕೆಳಮೂಲೆ: ಎಫ್‌ಗೆ ಅಲ್ಲಿ ಪುಟ್ಟ ತ್ರಿಕೋನದ ಕಿಟಕಿ ಇತ್ತು, ಜಿ-2ರಲ್ಲಿ ಅದು ಮಾಯವಾಯಿತು, ಗಾಜಿನ ಚೌಕಟ್ಟು ದಪ್ಪವಾಯಿತು. ಜಿ-4ರ ಹೊತ್ತಿಗೆ ಚಕ್ರ 650×150 ಮಿ.ಮೀ.ನಿಂದ 660×160ಕ್ಕೆ ಏರಿತು. 1:48ರಲ್ಲಿ ಚಕ್ರದ ಎತ್ತರದ ಈ ವ್ಯತ್ಯಾಸ ಕಾಲು ಮಿಲಿಮೀಟರ್ ಕೂಡ ಇಲ್ಲ, ಆದರೆ ಆ ಚಕ್ರವನ್ನು ಒಳಗೆ ಹಿಡಿಸಲು ರೆಕ್ಕೆಯ ಮೇಲೆ ಎಬ್ಬಿಸಿದ ಉಬ್ಬು ದೂರದಿಂದಲೇ ಕಾಣುತ್ತದೆ. ಜಿ-6ರಲ್ಲಿ ಮೂತಿಯ ಮೇಲೆ 13 ಮಿ.ಮೀ. ಬಂದೂಕುಗಳಿಗಾಗಿ ಎರಡು ದೊಡ್ಡ ಗಡ್ಡೆಗಳು ಬಂದವು.

ಜಿ-6 ಮಾಡುವವರಿಗೆ ಇಲ್ಲಿಂದ ಮುಂದೆ ತಲೆನೋವು ಶುರು. ರೆಗೆನ್ಸ್‌ಬುರ್ಗ್‌ನ ಮೆಸ್ಸರ್‌ಶ್ಮಿಟ್, ಲೈಪ್‌ಜಿಗ್‌ನ ಎರ್ಲಾ, ಆಸ್ಟ್ರಿಯಾದ ವೀನರ್ ನಾಯ್‌ಶ್ಟಾಟ್ ಹೀಗೆ ಮುಖ್ಯವಾಗಿ ಮೂರು ಕಡೆ ಅದು ತಯಾರಾಗುತ್ತಿತ್ತು. ಚೌಕಟ್ಟು ಕಡಿಮೆ ಇರುವ ‘ಎರ್ಲಾ’ ಗಾಜಿನ ಮುಚ್ಚಳ, ಮರದ ಎತ್ತರದ ಬಾಲ, ರೆಕ್ಕೆಯ ಕೆಳಗಿನ ಆಂಟೆನಾ ಮೊದಲಾದವು ಎಲ್ಲ ಕಡೆ ಒಂದೇ ದಿನ ಬರಲಿಲ್ಲ. ದುರಸ್ತಿಗೆ ಹೋದ ಹಳೆಯ ವಿಮಾನ ಹೊಸ ಮುಚ್ಚಳ ಹೊತ್ತು ಮರಳುತ್ತಿದ್ದದ್ದೂ ಉಂಟು. ಜಿ-6ಕ್ಕೆ ಒಳ್ಳೆಯ ಬದಿನೋಟದ ಫೋಟೋ ಇಲ್ಲದಿದ್ದರೆ ಆ ವಿಮಾನವನ್ನು ಕೈಬಿಟ್ಟು ಬೇರೆಯದನ್ನು ಆರಿಸಿಕೊಳ್ಳುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

‘ಟ್ರಾಪ್’ ಎಂದರೆ ಬಿಸಿಲುನಾಡಿಗೆ ಸಜ್ಜುಗೊಳಿಸಿದ್ದು ಎಂದರ್ಥ. ಅದರ ಮುಖ್ಯ ಲಕ್ಷಣ ಎಂಜಿನ್ನಿನ ಎಡಬದಿಯ ಗಾಳಿಬಾಯಿಗೆ ಕೂರಿಸಿದ ಉದ್ದನೆಯ ಮರಳು ಫಿಲ್ಟರ್. ಎಡಬದಿ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಹಂತದಲ್ಲಿ ಇದು ಬೇಕಾಗುತ್ತದೆ.

ಹಂತ 3: ಫೋಟೋಗಳನ್ನು ಸಾಕ್ಷಿಯಂತೆ ವಿಚಾರಿಸಿ

ಈ ಕೆಲಸದ ಮುಕ್ಕಾಲು ಪಾಲು ಇಲ್ಲಿಯೇ ನಡೆಯುತ್ತದೆ. ಜರ್ಮನಿಯ ರಾಷ್ಟ್ರೀಯ ದಾಖಲಾತಿ ಸಂಸ್ಥೆಯಾದ ಬುಂಡೆಸ್‌ಆರ್ಖೀವ್ ತನ್ನ ಚಿತ್ರಸಂಗ್ರಹವನ್ನು ಅಂತರಜಾಲದಲ್ಲಿ ತೆರೆದಿಟ್ಟಿದೆ. 2008ರ ಕೊನೆಯಲ್ಲಿ ಅದರ ಹತ್ತಾರು ಸಾವಿರ ಚಿತ್ರಗಳು ವಿಕಿಮೀಡಿಯ ಕಾಮನ್ಸ್‌ಗೂ ಬಂದವು. ‘ಬಿಲ್ಡ್ 101ಐ’ ಎಂಬ ಸಂಖ್ಯೆಯಿಂದ ಶುರುವಾಗುವ ಚಿತ್ರಗಳು ಸೇನೆಯ ಪ್ರಚಾರ ತುಕಡಿಗಳ ಛಾಯಾಗ್ರಾಹಕರು ತೆಗೆದವು. ಅವರ ಉದ್ದೇಶ ಚರಿತ್ರೆ ಬರೆಯುವುದಲ್ಲ, ಯುದ್ಧವನ್ನು ಮನೆಮಂದಿಗೆ ಚೆಂದವಾಗಿ ತೋರಿಸುವುದು. ಹಾಗಾಗಿ ಅಡಿಬರಹವನ್ನು ನಂಬುವ ಮೊದಲು ಚಿತ್ರವನ್ನು ನಂಬಿ. ಸಂಸ್ಥೆಯೇ ಹಳೆಯ ಅಡಿಬರಹಗಳನ್ನು ದಾಖಲೆಯಾಗಿ ಉಳಿಸಿಕೊಂಡು, ಅವು ತಪ್ಪಾಗಿರಬಹುದು, ಪಕ್ಷಪಾತದಿಂದ ಕೂಡಿರಬಹುದು ಎಂದು ಎಚ್ಚರಿಸಿದೆ. ಸೈನಿಕರ ಖಾಸಗಿ ಕ್ಯಾಮೆರಾದ ಚಿತ್ರಗಳು ಹರಾಜುಗಳ ಮೂಲಕ ಹೊರಬರುತ್ತಲೇ ಇವೆ. ಅವುಗಳಲ್ಲಿ ಹೊಲಸು, ತೇಪೆ, ಮುರಿದ ಚಕ್ರ ಎಲ್ಲವೂ ಇರುವುದರಿಂದ ನಮ್ಮಂಥವರಿಗೆ ಅವೇ ಹೆಚ್ಚು ಉಪಯುಕ್ತ.

ಸಿಕ್ಕ ಚಿತ್ರಕ್ಕೆ ಮೊದಲ ಪರೀಕ್ಷೆ: ಅದು ತಿರುಗುಮುರುಗಾಗಿ ಅಚ್ಚಾಗಿದೆಯೇ? ನೆಗೆಟಿವ್ ಮಗುಚಿ ಅಚ್ಚಾದ ಚಿತ್ರಗಳು ಕಡಿಮೆಯಿಲ್ಲ. ಅಂಕಿ ಕಾಣದಿದ್ದರೂ 109 ತಾನೇ ಹೇಳಿಬಿಡುತ್ತದೆ: ಗಾಳಿಬಾಯಿ ಎಡಕ್ಕಿರಬೇಕು, ಕಾಕ್‌ಪಿಟ್ ಮುಚ್ಚಳ ಬಲಕ್ಕೆ ತೆರೆದುಕೊಳ್ಳಬೇಕು. ಮುಚ್ಚಳ ಎಡಕ್ಕೆ ವಾಲಿದ್ದರೆ ಚಿತ್ರವನ್ನು ಮಗುಚಿ ನೋಡಿ.

ಎರಡನೆಯದು: ಅದು ನಿಜವಾಗಿ 109 ಹೌದೇ? ಯುದ್ಧದ ನಂತರ ಸ್ಪೇನ್‌ನಲ್ಲಿ ಇದೇ ವಿಮಾನವನ್ನು ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನ್ ಹಾಕಿ ಬುಚೋನ್ ಎಂಬ ಹೆಸರಿನಲ್ಲಿ ಕಟ್ಟಿದರು. 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರದಲ್ಲಿ ಜರ್ಮನ್ ಬಣ್ಣ ಹೊತ್ತು ಹಾರಿದವು ಇವೇ; ಇಂದಿನ ವೈಮಾನಿಕ ಪ್ರದರ್ಶನಗಳಲ್ಲಿ 109 ಎಂದು ಕಾಣಿಸಿಕೊಳ್ಳುವವುಗಳಲ್ಲಿ ಹಲವು ಕೂಡ ಇವೇ. ಗುರುತಿಸುವುದು ಸುಲಭ. ಡೈಮ್ಲರ್-ಬೆನ್ಸ್ ಎಂಜಿನ್ ತಲೆಕೆಳಗಾದ ವಿ ಆಕಾರದ್ದು, ಆದ್ದರಿಂದ ಹೊಗೆಕೊಳವೆಗಳ ಸಾಲು ಮೂತಿಯ ಕೆಳಭಾಗದಲ್ಲಿರುತ್ತದೆ. ಮರ್ಲಿನ್ ನೆಟ್ಟಗಿನ ವಿ, ಆದ್ದರಿಂದ ಕೊಳವೆಗಳು ಮೇಲ್ಭಾಗದಲ್ಲಿ. ಜೊತೆಗೆ ಬುಚೋನ್‌ಗೆ ನಾಲ್ಕು ಅಲಗಿನ ಪ್ರೊಪೆಲರ್, 109ಕ್ಕೆ ಮೂರು. ಬುಚೋನ್‌ನ ಬಣ್ಣದ ಫೋಟೋವನ್ನೇ ಆಧಾರ ಮಾಡಿಕೊಂಡ ಮಾಡೆಲ್‌ಗಳನ್ನು ಸ್ಪರ್ಧೆಗಳ ಮೇಜಿನ ಮೇಲೆ ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. 190ರ ವಿಷಯದಲ್ಲೂ ಹೀಗೆಯೇ ಎಚ್ಚರ ಬೇಕು: ಜರ್ಮನಿಯ ಫ್ಲುಗ್ ವೆರ್ಕ್ ಎಂಬ ಸಂಸ್ಥೆ ಹೊಸದಾಗಿ ಕಟ್ಟಿದ 190ಗಳು ಬೇರೆ ಎಂಜಿನ್ ಹೊತ್ತು ಇಂದು ಹಾರುತ್ತಿವೆ.

ಮೂರನೆಯದು: ಚಿತ್ರ ಯಾವ ದಿನದ್ದು? ಮಾರ್ಸೈಯ ವಿಮಾನಗಳಲ್ಲಿ ಚುಕ್ಕಾಣಿಯೇ ಕ್ಯಾಲೆಂಡರ್. ಆತ ಪಡೆದ ಪ್ರತಿಯೊಂದು ಗೆಲುವಿಗೂ, ಅಂದರೆ ಹೊಡೆದುರುಳಿಸಿದ್ದೆಂದು ದಾಖಲಾದ ಪ್ರತಿ ವಿಮಾನಕ್ಕೂ, ಅದರ ಮೇಲೆ ಒಂದು ಗೆರೆ ಬೀಳುತ್ತಿತ್ತು. 50ನೆಯದು ಬಂದದ್ದು 1942ರ ಫೆಬ್ರವರಿ 21ರಂದು, 101ನೆಯದು ಜೂನ್ 17ರಂದು. ಆಮೇಲೆ ರಜೆಯ ಮೇಲೆ ಜರ್ಮನಿಗೆ ಹೋಗಿ ಆಗಸ್ಟ್ ಕೊನೆಯ ಭಾಗದಲ್ಲಿ ಮರಳಿದ. ಸೆಪ್ಟೆಂಬರ್ 1ರ ಒಂದೇ ದಿನ 17 ಸೇರಿದವು. 158ನೆಯದು ಸೆಪ್ಟೆಂಬರ್ 26ರಂದು. ಅಂದರೆ 50 ಗೆರೆ ಎಣಿಸಲು ಬರುವ ಚಿತ್ರ ಫೆಬ್ರವರಿ 21ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಮುಂದಿನ ಗೆಲುವಿನ ನಂತರದ್ದೂ ಆಗಿರಲಿಕ್ಕಿಲ್ಲ. ಕೊನೆಯ ಎಫ್-4 ಆದ 8673ರ ಚುಕ್ಕಾಣಿಯಲ್ಲಿ ಮೇಲೆ ಹಾರದೊಳಗೆ 100 ಎಂಬ ಅಂಕಿ, ಅದರ ಕೆಳಗೆ ಉಳಿದವುಗಳ ಗೆರೆಸಾಲು. ನಾನು ಮಾಡಿದ ತಪ್ಪು ಇದೇ: ಲಂಬಬಾಲದ ಮೇಲೆ 12593, ಅದಕ್ಕೆ ತಗಲಿಕೊಂಡ ಚುಕ್ಕಾಣಿಯ ಮೇಲೆ ನೂರರ ಹಾರ. ಅಂದಹಾಗೆ ಈ ಗೆರೆಗಳು ದಳ ದಾಖಲಿಸಿಕೊಂಡ ಗೆಲುವುಗಳೇ ಹೊರತು, ಎದುರು ಪಕ್ಷದ ನಷ್ಟದ ಪಟ್ಟಿಯೊಂದಿಗೆ ತಾಳೆ ನೋಡಿದ ಸಂಖ್ಯೆಯಲ್ಲ. ಮಾಡೆಲ್‌ಗೆ ಬೇಕಾದದ್ದು ಅಂದು ಬಳಿದ ಗೆರೆಗಳ ಎಣಿಕೆ. ನಿಜವಾಗಿ ಬಿದ್ದ ವಿಮಾನಗಳೆಷ್ಟು ಎಂಬುದು ಬೇರೆಯೇ ಪ್ರಶ್ನೆ.

ನಾಲ್ಕನೆಯದು: ಕಪ್ಪುಬಿಳುಪಿನಲ್ಲಿ ಬಣ್ಣ ಓದುವ ವಿಚಾರ. ಆ ಕಾಲದಲ್ಲಿ ಎರಡು ಬಗೆಯ ಫಿಲ್ಮ್ ಬಳಕೆಯಲ್ಲಿತ್ತು. ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬೆಳಕು ಕಾಣುವುದಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿ, ಹಳದಿಯೂ ಮಂಕಾಗಿ, ನೀಲಿ ಮಾತ್ರ ಬೆಳ್ಳಗೆ ಮೂಡುತ್ತದೆ. ಪ್ಯಾಂಕ್ರೊಮ್ಯಾಟಿಕ್‌ನಲ್ಲಿ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ಹೊಳಪಿನಲ್ಲೇ ಬರುತ್ತವೆ. ಹೀಗಾಗಿ ಒಂದೇ ಹಳದಿ ಅಂಕಿ ಒಂದು ಚಿತ್ರದಲ್ಲಿ ಬಿಳಿಯಂತೆಯೂ ಇನ್ನೊಂದರಲ್ಲಿ ಕೆಂಪಿನಂತೆಯೂ ಕಾಣಬಹುದು. ಬೂದು ಛಾಯೆಯನ್ನು ಒಂಟಿಯಾಗಿ ಓದಬೇಡಿ. ಅದೇ ಚಿತ್ರದೊಳಗೆ ಬಣ್ಣ ಖಚಿತವಾಗಿ ಗೊತ್ತಿರುವ ಏನಾದರೂ ಇದೆಯೇ ಎಂದು ಹುಡುಕಿ ಅದರೊಡನೆ ಹೋಲಿಸಿ. ಆಫ್ರಿಕಾದ 109ಗಳಲ್ಲಿ ಇದಕ್ಕೆ ಅನುಕೂಲವಿದೆ: ದೇಹದ ಸುತ್ತ ಬಿಳಿಯ ಪಟ್ಟಿ, ಶಿಲುಬೆಯಲ್ಲಿ ಕಪ್ಪು ಮತ್ತು ಬಿಳಿ. ಅಂಕಿ ಈ ಬಿಳಿಗಿಂತ ಎಷ್ಟು ಮಂಕು, ಕಪ್ಪಿಗಿಂತ ಎಷ್ಟು ತಿಳಿ ಎಂದು ನೋಡಿದರೆ ಊಹೆಗೆ ಒಂದು ನೆಲೆ ಸಿಗುತ್ತದೆ. ಆಗ್‌ಫಾಕಲರ್‌ನಲ್ಲಿ ತೆಗೆದ ಬಣ್ಣದ ಚಿತ್ರಗಳೂ ಉಳಿದಿವೆ, ಆದರೆ ಎಂಟು ದಶಕಗಳಲ್ಲಿ ಅವುಗಳ ವರ್ಣದ್ರವ್ಯಗಳು ಒಂದೊಂದೂ ಒಂದೊಂದು ವೇಗದಲ್ಲಿ ಮಾಸಿವೆ, ಅದರ ಮೇಲೆ ಸ್ಕ್ಯಾನ್ ಮಾಡಿದವರ ಕೈಚಳಕ ಬೇರೆ. ಯಾವ ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದಕ್ಕೆ ಅವು ಒಳ್ಳೆಯ ಆಧಾರ, ಬಣ್ಣದ ಡಬ್ಬಿ ಹಿಡಿದು ಹೋಲಿಸುವುದಕ್ಕಲ್ಲ. ಕಂಪ್ಯೂಟರ್‌ನಿಂದ ಬಣ್ಣ ತುಂಬಿದ ಹಳೆಯ ಚಿತ್ರಗಳನ್ನಂತೂ ಆಧಾರದ ಕಡತಕ್ಕೆ ಸೇರಿಸಲೇಬೇಡಿ.

ಹಂತ 4: ಕಾಗದಪತ್ರಗಳು

ಚಿತ್ರ ತೋರಿಸದ್ದನ್ನು ದಾಖಲೆ ಹೇಳುತ್ತದೆ. ಪ್ರತಿ ಉಪಮಾದರಿಗೂ ಜರ್ಮನರು ಕೈಪಿಡಿ ಮುದ್ರಿಸಿದ್ದರು. ಅದಕ್ಕಿಂತಲೂ ಮಾಡೆಲ್ ಮಾಡುವವರಿಗೆ ನೆರವಾಗುವುದು ಬಿಡಿಭಾಗಗಳ ಪಟ್ಟಿ, ಏಕೆಂದರೆ ಅದರಲ್ಲಿ ಪ್ರತಿ ಭಾಗವನ್ನೂ ಬಿಡಿಸಿ ಚಿತ್ರ ಸಮೇತ ಕೊಟ್ಟಿರುತ್ತಾರೆ. ಕಾಕ್‌ಪಿಟ್‌ನ ಯಾವ ಪೆಟ್ಟಿಗೆ ಏನು ಎಂದು ತಿಳಿಯದೆ ಒದ್ದಾಡುವಾಗ ಇದನ್ನು ತೆರೆದರೆ ಸಾಕು. ಇವುಗಳ ಸ್ಕ್ಯಾನ್ ಪ್ರತಿಗಳು ಇಂದು ಸುಲಭವಾಗಿ ದೊರೆಯುತ್ತವೆ. ಜರ್ಮನ್ ಬಾರದಿದ್ದರೂ ಹತ್ತಿಪ್ಪತ್ತು ಪದ ಕಲಿತರೆ ಚಿತ್ರಗಳೇ ದಾರಿ ತೋರಿಸುತ್ತವೆ.

ವಿಮಾನಕ್ಕೆ ಏನಾಯಿತು ಎಂದು ತಿಳಿಯಲು ನಷ್ಟದ ವರದಿಗಳಿವೆ. ಜರ್ಮನ್ ವಾಯುಸೇನೆಯ ಸರಬರಾಜು ಕಚೇರಿಗೆ ದಳಗಳು ಕಳಿಸುತ್ತಿದ್ದ ಪಟ್ಟಿಗಳಲ್ಲಿ ದಿನಾಂಕ, ಉಪಮಾದರಿ, ವೆರ್ಕ್‌ನುಮ್ಮರ್, ಸ್ಥಳ, ಶೇಕಡಾ ಹಾನಿ ಇವೆಲ್ಲ ಇರುತ್ತಿದ್ದವು. ಸೇನೆಯ ಕಡತಗಳಲ್ಲಿ ಉಳಿದದ್ದು ಬುಂಡೆಸ್‌ಆರ್ಖೀವ್‌ನ ಫ್ರೈಬುರ್ಗ್ ಶಾಖೆಯಲ್ಲಿದೆ. ಎದುರು ಪಕ್ಷದ ಕಾಗದಗಳನ್ನು ಮರೆಯಬೇಡಿ: ತಮ್ಮ ನೆಲದಲ್ಲಿ ಬಿದ್ದ ಜರ್ಮನ್ ವಿಮಾನಗಳನ್ನು ಬ್ರಿಟಿಷ್ ವಾಯುಸೇನೆಯ ಗುಪ್ತಚರ ವಿಭಾಗ ಪರಿಶೀಲಿಸಿ ಬಣ್ಣ, ಗುರುತು, ಬಂದೂಕು, ತಯಾರಕರ ಫಲಕ ಎಲ್ಲವನ್ನೂ ಬರೆದಿಟ್ಟಿತು, ಆ ವರದಿಗಳು ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಬಣ್ಣದ ಬಗ್ಗೆ ಪ್ರತ್ಯಕ್ಷ ಕಂಡವರು ಆಗಲೇ ಬರೆದ ಮಾತು ಎಂಬ ಕಾರಣಕ್ಕೆ ಇವುಗಳ ತೂಕ ದೊಡ್ಡದು, ಬರೆದವರ ಶಬ್ದಗಳು ‘ಕೊಳಕು ಹಸಿರು’ ಎನ್ನುವಷ್ಟು ಸಡಿಲವಾಗಿದ್ದರೂ ಸರಿ.

ಹಂತ 5: ಉಳಿದಿರುವ ವಿಮಾನಗಳು

ಮ್ಯೂಸಿಯಂನಲ್ಲಿರುವ ವಿಮಾನ ಅಳತೆಗೆ, ಆಕಾರಕ್ಕೆ, ರಿವೆಟ್ಟಿನ ಸಾಲಿಗೆ ನಂಬಿಕಸ್ಥ, ಬಣ್ಣಕ್ಕೆ ಅಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿರುವ ಜಿ-6, ವೆರ್ಕ್‌ನುಮ್ಮರ್ 160756, 1944ರ ಜುಲೈಯಲ್ಲಿ ಜರ್ಮನ್ ಸೇವೆಯಿಂದ ತಪ್ಪಿಸಿಕೊಂಡ ಫ್ರೆಂಚ್ ಪೈಲಟ್ ಒಬ್ಬ ಇಟಲಿಯಲ್ಲಿ ಮಿತ್ರಪಕ್ಷಕ್ಕೆ ತಂದೊಪ್ಪಿಸಿದ್ದು. 1970ರ ದಶಕದಲ್ಲಿ ಅದನ್ನು ಮರುಸ್ಥಾಪಿಸಿದಾಗ ಅದರದೇ ಗುರುತು ಹಾಕದೆ ಜೆಜಿ 27ರ ಬೇರೊಂದು ವಿಮಾನದ ವೇಷ ತೊಡಿಸಿದರು. ಅದರ ಬದಿಯಲ್ಲಿ ಕಾಣುವ ಅಂಕಿಯನ್ನು ಅದರ ವೆರ್ಕ್‌ನುಮ್ಮರ್ ಜೊತೆ ಸೇರಿಸಿ ಮಾಡೆಲ್ ಮಾಡಿದರೆ ನನ್ನ ಮೊದಲ ಹಳದಿ 14ರ ಕಥೆಯೇ ಮತ್ತೆ.

ನಮ್ಮ ಎಫ್-4ಕ್ಕೆ ಎಲ್ಲಿ ನೋಡಬೇಕು? ಒಟ್ಟಾವಾದ ಕೆನಡಾ ವಿಮಾನ ಮತ್ತು ಬಾಹ್ಯಾಕಾಶ ಮ್ಯೂಸಿಯಂನಲ್ಲಿ ವೆರ್ಕ್‌ನುಮ್ಮರ್ 10132ರ ಎಫ್-4 ಇದೆ. ಮಾರ್ಸೈಯ ಮೂರನೆಯ ವಿಮಾನ 10137. ಎರಡರ ನಡುವೆ ಬರೀ ಐದು ಸಂಖ್ಯೆಗಳ ಅಂತರ! ಒಟ್ಟಾವಾದ ವಿಮಾನ ಆರ್ಕ್ಟಿಕ್ ಭಾಗದಲ್ಲಿ ಜೆಜಿ 5ರಲ್ಲಿದ್ದದ್ದು, ಮರುಭೂಮಿಯ ಫಿಲ್ಟರ್ ಅದಕ್ಕಿಲ್ಲ. ಆದರೆ ಗಾಜಿನ ಚೌಕಟ್ಟು, ಚಕ್ರದ ಗೂಡು, ಮುಚ್ಚಳಗಳ ಜಾಗ ನೋಡಲು ಇದಕ್ಕಿಂತ ಹತ್ತಿರದ ನೆಂಟ ಸಿಗಲಾರ. ಫಿಲ್ಟರ್‌ಗೆ ಬೇಕಾದರೆ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನ ‘ಕಪ್ಪು 6’ ನೋಡಿ: ಜಿ-2/ಟ್ರಾಪ್, ವೆರ್ಕ್‌ನುಮ್ಮರ್ 10639, 1942ರ ನವೆಂಬರ್‌ನಲ್ಲಿ ಲಿಬಿಯಾದಲ್ಲಿ ಆಸ್ಟ್ರೇಲಿಯಾದ ದಳವೊಂದರ ಕೈಗೆ ಸಿಕ್ಕಿದ್ದು, 1991ರಿಂದ ಮತ್ತೆ ಹಾರಿ 1997ರ ಅಕ್ಟೋಬರ್‌ನಲ್ಲಿ ಡಕ್ಸ್‌ಫರ್ಡ್‌ನಲ್ಲಿ ಇಳಿಯುವಾಗ ಅಪಘಾತಕ್ಕೀಡಾಯಿತು. ಇನ್ನು ಮಾರ್ಸೈಯ 158 ಗೆಲುವುಗಳ ಗುರುತು ಹೊತ್ತ ಚುಕ್ಕಾಣಿಯೇ ಬರ್ಲಿನ್-ಗಾಟೋವ್‌ನ ಸೇನಾ ಮ್ಯೂಸಿಯಂನಲ್ಲಿ ಉಳಿದಿದೆ. ಸಂದರ್ಶಕರು ತೆಗೆದ ಅದರ ಹತ್ತಿರದ ಚಿತ್ರಗಳನ್ನು ಹುಡುಕಿ, ಗೆರೆಗಳ ಅಗಲ ಮತ್ತು ಸಾಲಿನ ಅಂತರವನ್ನು ನಿಮ್ಮ ಡೆಕಾಲ್ ಜೊತೆ ಹೋಲಿಸಿ.

ಇವು ಯಾವುವೂ ನಮ್ಮ ಕೈಗೆಟುಕುವ ದೂರದಲ್ಲಿಲ್ಲ ಎಂಬುದು ನಿಜ. ಆದರೆ ನೋಡುವ ಅಭ್ಯಾಸಕ್ಕೆ ಬೆಂಗಳೂರಿನಲ್ಲೇ ಒಂದು ಜಾಗವಿದೆ. ಫೋಕೆ-ವುಲ್ಫ್ 190ನ್ನು ವಿನ್ಯಾಸಗೊಳಿಸಿದ ಕುರ್ಟ್ ಟ್ಯಾಂಕ್ ಯುದ್ಧಾನಂತರ 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ಎಚ್‌ಎಫ್-24 ಮಾರುತ್ ಜೆಟ್ ಫೈಟರ್ ರೂಪಿಸಿದರು. ಅದು 1961ರ ಜೂನ್‌ನಲ್ಲಿ ಹಾರಿತು. ಎಚ್‌ಎಎಲ್ ಹೆರಿಟೇಜ್ ಮ್ಯೂಸಿಯಂನಲ್ಲಿ ಮಾರುತ್ ನಿಂತಿದೆ. ಒಂದು ನೋಟ್‌ಬುಕ್ ಹಿಡಿದು ಹೋಗಿ ಅರ್ಧ ದಿನ ಅದರ ಮುಂದೆ ಕಳೆಯಿರಿ: ಮುಚ್ಚಳದ ಅಂಚಿನಲ್ಲಿ ನಿಜವಾಗಿ ಎಷ್ಟು ಸಂದು ಕಾಣುತ್ತದೆ, ಮ್ಯೂಸಿಯಂನ ಬಣ್ಣದ ದಪ್ಪ ಪದರದ ಕೆಳಗೆ ರಿವೆಟ್ಟುಗಳು ಹೇಗೆ ಅಡಗುತ್ತವೆ, ಬಿಸಿಲು ಬೀಳುವ ಬದಿಗೂ ನೆರಳಿನ ಬದಿಗೂ ಒಂದೇ ಬಣ್ಣ ಹೇಗೆ ಬೇರೆಯಾಗಿ ಕಾಣುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮ್ಯೂಸಿಯಂ ಫೋಟೋ ಹಿಡಿದು ಬಣ್ಣದ ಬಗ್ಗೆ ವಾದ ಮಾಡುವುದಿಲ್ಲ.

ಹಂತ 6: ಬಣ್ಣ

ಜರ್ಮನ್ ವಾಯುಯಾನ ಸಚಿವಾಲಯವಾದ ಆರ್‌ಎಲ್‌ಎಂ ಪ್ರತಿ ಬಣ್ಣಕ್ಕೂ ಸಂಖ್ಯೆ ಕೊಟ್ಟಿತ್ತು. ಯುದ್ಧದ ಆರಂಭದಲ್ಲಿ ಫೈಟರ್‌ಗಳ ಮೇಲ್ಭಾಗಕ್ಕೆ 70 ಮತ್ತು 71 ಎಂಬ ಕಡುಹಸಿರುಗಳು, ಕೆಳಗೆ ತಿಳಿನೀಲಿಯ 65. 1940ರ ಹೊತ್ತಿಗೆ 71ರ ಜೊತೆ ಬೂದುಹಸಿರಿನ 02. 1941ರಿಂದ ಬೂದು ಛಾಯೆಯ 74, 75 ಮತ್ತು ಕೆಳಗೆ 76. ಮರುಭೂಮಿಗೆ ಮೇಲೆ ಮರಳುಹಳದಿ 79, ಕೆಳಗೆ ನೀಲಿ 78. ನಮ್ಮ ಹಳದಿ 14ರ ವೇಷವೂ ಇದೇ. ನೋಡಬೇಕಾದದ್ದು ಈ ಎರಡು ಬಣ್ಣ ದೇಹದ ಬದಿಯಲ್ಲಿ ಎಷ್ಟು ಎತ್ತರದಲ್ಲಿ ಸೇರುತ್ತವೆ, ಗೆರೆ ಗಟ್ಟಿಯೋ ಮಸುಕೋ ಎಂಬುದು. ಅದು ವಿಮಾನದಿಂದ ವಿಮಾನಕ್ಕೆ ಬೇರೆಯಾಗುತ್ತಿತ್ತು, ಫೋಟೋ ಬಿಟ್ಟರೆ ಬೇರೆ ಆಧಾರವಿಲ್ಲ.

ಕಾಕ್‌ಪಿಟ್‌ನ ಒಳಬಣ್ಣ 02 ಇದ್ದದ್ದು 1941ರ ಕೊನೆಯ ಹೊತ್ತಿಗೆ ಕಡುಬೂದು 66ಕ್ಕೆ ಬದಲಾಯಿತು. ಎಫ್-4 ತಯಾರಾದದ್ದು ಸರಿಯಾಗಿ ಈ ಸಂಧಿಕಾಲದಲ್ಲಿ. ಮುಚ್ಚಳ ತೆರೆದಿರುವ ಚಿತ್ರ ಸಿಕ್ಕರೆ ಒಳಗೆ ಕಡುವೋ ತಿಳಿಯೋ ನೋಡಿ. ಸಿಗದಿದ್ದರೆ 1942ರ ವಿಮಾನಕ್ಕೆ ನಾನು 66 ಹಾಕಿ, ಅದು ಊಹೆ ಎಂದು ಬರೆದಿಡುತ್ತೇನೆ.

1944–45ರ ವಿಮಾನ ಮಾಡುವವರು 81, 82, 83 ಎಂಬ ಸಂಖ್ಯೆಗಳನ್ನು ಎದುರಿಸಬೇಕು. 1944ರ ಬೇಸಿಗೆಯಲ್ಲಿ ಬಂದ ಆದೇಶಗಳಲ್ಲಿ 81 ಮತ್ತು 82ರ ಉಲ್ಲೇಖವಿದೆ, ಆದರೆ ಹಳೆಯ ಬಣ್ಣಗಳಿಗೆ ಇದ್ದಂಥ ಅಧಿಕೃತ ಮಾದರಿ ತುಣುಕುಗಳು ಇವಕ್ಕಿಲ್ಲ. ಕಡುಹಸಿರು ಎಂದು ದಶಕಗಳ ಕಾಲ ನಂಬಿಕೊಂಡು ಬಂದ 83 ನಿಜಕ್ಕೂ ಒಂದು ನೀಲಿ ಎಂದು ಈಚೆಗೆ ಕೆಲವು ಸಂಶೋಧಕರು ವಾದಿಸಿದ್ದಾರೆ. ಬಣ್ಣದ ಕಂಪನಿಗಳ ಡಬ್ಬಿಗಳ ಮೇಲಂತೂ ಈ ಮೂರೂ ಸಂಖ್ಯೆಗಳು ಯಾವ ಸಂಕೋಚವೂ ಇಲ್ಲದೆ ಅಚ್ಚಾಗಿವೆ. ಡಬ್ಬಿಯ ಮೇಲಿನ ಸಂಖ್ಯೆ ಆ ಕಂಪನಿಯ ಅಭಿಪ್ರಾಯ, ಅಷ್ಟೇ. ಎರಡು ಕಂಪನಿಗಳ 76ನ್ನು ಒಂದೇ ಪ್ಲಾಸ್ಟಿಕ್ ಚೂರಿನ ಮೇಲೆ ಅಕ್ಕಪಕ್ಕ ಬಳಿದು ಬೆಳಕಿಗೆ ಹಿಡಿಯಿರಿ, ನಾನು ಹೇಳುವುದು ಅರ್ಥವಾಗುತ್ತದೆ.

ಹಂತ 7: ಕಿಟ್‌ನ ಅಳತೆ

ಎಫ್ ಮಾದರಿಯ ರೆಕ್ಕೆಯ ಹರವು 9.92 ಮೀಟರ್. ಭಾಗಿಸಿದರೆ 1:72ರಲ್ಲಿ 137.8 ಮಿ.ಮೀ., 1:48ರಲ್ಲಿ 206.7, 1:32ರಲ್ಲಿ 310. ರೆಕ್ಕೆ ಜೋಡಿಸುವ ಮೊದಲು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ನೋಡಿ. ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಮೂರ್ನಾಲ್ಕು ಮಿಲಿಮೀಟರ್ ಇದ್ದರೆ ಯೋಚಿಸಿ. ಮುದ್ರಿತ ನಕ್ಷೆಗಳನ್ನು ಇದೇ ರೀತಿ ಪರೀಕ್ಷಿಸಿ, ಏಕೆಂದರೆ ಅವು ಜೆರಾಕ್ಸ್ ಮತ್ತು ಮುದ್ರಣದಲ್ಲಿ ಹಿಗ್ಗುತ್ತವೆ, ಕುಗ್ಗುತ್ತವೆ. ಫೋಟೋದಿಂದ ನೇರವಾಗಿ ಅಳೆಯಲು ಹೋಗಬೇಡಿ, ಹತ್ತಿರದ ಭಾಗವನ್ನು ಲೆನ್ಸ್ ದೊಡ್ಡದು ಮಾಡಿರುತ್ತದೆ. ಫಲಕಗಳ ನಡುವಿನ ಗೆರೆಯ ವಿಷಯದಲ್ಲಿ ಒಂದು ಲೆಕ್ಕ: ಕಿಟ್‌ನಲ್ಲಿ ಕೊರೆದ ಗೆರೆ 0.2 ಮಿ.ಮೀ. ಅಗಲವಿದ್ದರೆ 1:48ರಲ್ಲಿ ಅದು ನಿಜ ವಿಮಾನದ ಮೇಲೆ ಸುಮಾರು ಒಂದು ಸೆಂಟಿಮೀಟರ್ ಬಿರುಕು. ಅದಕ್ಕೆ ಕಪ್ಪು ಮಸಿ ತುಂಬಿ ಎದ್ದು ಕಾಣಿಸುವ ರೂಢಿ ನನಗೆ ಹಿಡಿಸುವುದಿಲ್ಲ.

ಹಂತ 8: ನೋಟ್‌ಬುಕ್ಕಿನ ಮೂರು ಕಾಲಂ

ಒಂದು ಪುಟವನ್ನು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಈ ವಿಮಾನದ್ದೇ ಚಿತ್ರದಲ್ಲಿ ಕಂಡದ್ದು, ಎರಡನೆಯದರಲ್ಲಿ ದಾಖಲೆ ಅಥವಾ ಅದೇ ಗುಂಪಿನ ಬೇರೆ ವಿಮಾನದಿಂದ ತಿಳಿದದ್ದು, ಮೂರನೆಯದರಲ್ಲಿ ಊಹೆ. ಮೂತಿಯಿಂದ ಬಾಲದವರೆಗೆ ಪ್ರತಿ ಭಾಗವನ್ನೂ ಇವುಗಳಲ್ಲಿ ಒಂದಕ್ಕೆ ಸೇರಿಸಿ, ಪಕ್ಕದಲ್ಲಿ ಚಿತ್ರದ ಸಂಖ್ಯೆ ಬರೆಯಿರಿ. ನನ್ನ ಎರಡನೆಯ ಹಳದಿ 14ಕ್ಕೆ, ಅಂದರೆ 8673ಕ್ಕೆ, ಮೊದಲ ಕಾಲಂನಲ್ಲಿ ಅಂಕಿಯ ಆಕಾರ, ಬಿಳಿಪಟ್ಟಿ, ಚುಕ್ಕಾಣಿ. ಎರಡನೆಯದರಲ್ಲಿ ಚಕ್ರದ ಗೂಡು, ಫಿಲ್ಟರ್. ಮೂರನೆಯದರಲ್ಲಿ ಕಾಕ್‌ಪಿಟ್‌ನ ಬಣ್ಣ ಮತ್ತು ಬಲಬದಿಯ ಬಹುಪಾಲು ಇದ್ದವು. ಎಲ್ಲರೂ ಫೋಟೋ ತೆಗೆಯುತ್ತಿದ್ದದ್ದು ಒಂದೇ ಬದಿಯಿಂದ ಎಂಬುದು ಇಂಥ ಪುಟ ಬರೆದಾಗಲೇ ಅರಿವಿಗೆ ಬರುವುದು. ಇಬ್ಬರು ಲೇಖಕರು ಬೇರೆಬೇರೆ ಹೇಳಿದರೆ ಇಬ್ಬರ ಮೂಲವನ್ನೂ ಹುಡುಕಿ. ಅನೇಕ ಸಲ ಹತ್ತು ಪುಸ್ತಕಗಳ ಹಿಂದೆ ಒಂದೇ ಫೋಟೋ ಇರುತ್ತದೆ, ಅದೂ ಮಸುಕಾದದ್ದು.

ಲಂಬಬಾಲದ ಮೇಲಿನ ನಾಜಿ ಚಿಹ್ನೆಯ ಬಗ್ಗೆ ನಿರ್ಧಾರವನ್ನೂ ಇದೇ ಪುಟದಲ್ಲಿ ಬರೆಯಿರಿ. ಜರ್ಮನಿಯ ಕಾನೂನಿನ ಕಾರಣ ಹಲವು ತಯಾರಕರು ಅದನ್ನು ಡೆಕಾಲ್ ಹಾಳೆಯಲ್ಲಿ ಬಿಟ್ಟುಬಿಡುತ್ತಾರೆ ಅಥವಾ ಎರಡು ತುಂಡು ಮಾಡಿ ಕೊಡುತ್ತಾರೆ. ನಮ್ಮ ಮನೆಬಾಗಿಲಿನ ಸ್ವಸ್ತಿಕವಲ್ಲ ಅದು, ಜರ್ಮನರು ಹಾಕೆನ್‌ಕ್ರಾಯ್ಟ್ಸ್ ಎಂದು ಕರೆದದ್ದು. ಲಕ್ಷಾಂತರ ಜನರನ್ನು ಕೊಂದ ಆಡಳಿತದ ಗುರುತು. ವಿಮಾನದ ಮೇಲೆ ಇದ್ದದ್ದು ನಿಜವಾದ್ದರಿಂದ ಕಪಾಟಿನೊಳಗಿನ ಮಾಡೆಲ್‌ಗೆ ನಾನು ಅಂಟಿಸುತ್ತೇನೆ, ಮಕ್ಕಳು ಬರುವ ಪ್ರದರ್ಶನಕ್ಕೆ ಒಯ್ಯುವಾಗ ಪಕ್ಕದಲ್ಲಿ ಆ ಯುದ್ಧದ ಬಗ್ಗೆ ಒಂದು ಚೀಟಿ ಇಡುತ್ತೇನೆ. ಬಿಟ್ಟುಬಿಡುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಕೊನೆಯ ಕೆಲಸ ಹೊಗೆಯ ಕಲೆ ಮತ್ತು ಸವಕಳಿ. ಇದನ್ನೂ ಚಿತ್ರ ನೋಡಿಯೇ ಮಾಡಿ: ಹೊಗೆಕೊಳವೆಯಿಂದ ಹೊರಟ ಮಸಿ ರೆಕ್ಕೆಯ ಬುಡದ ಮೇಲೆ ಎಲ್ಲಿಯವರೆಗೆ ಹರಿದಿದೆ, ಮೆಕ್ಯಾನಿಕ್ ಕಾಲಿಡುತ್ತಿದ್ದ ಎಡರೆಕ್ಕೆಯ ಬುಡದಲ್ಲಿ ಬಣ್ಣ ಎಷ್ಟು ಕಿತ್ತಿದೆ, ಚುಕ್ಕಾಣಿಯಲ್ಲಿ ಹಳೆಯ ಗೆರೆಗಳಿಗಿಂತ ಹೊಸವು ಎಷ್ಟು ಹೊಳೆಯುತ್ತಿವೆ. ಮಸಿಯನ್ನು ಏರ್‌ಬ್ರಷ್‌ನಲ್ಲಿ ತೀರ ತೆಳುವಾಗಿ, ಕಂದು ಬೆರೆಸಿ, ಮೂರ್ನಾಲ್ಕು ಸಲ ಹಾಯಿಸಿ. ಪ್ರತಿ ಸಲವೂ ಮಾಡೆಲ್ ಪಕ್ಕದಲ್ಲಿ ಫೋಟೋ ಹಿಡಿದು ನೋಡಿ, ಇನ್ನೊಂದು ಪದರ ಬೇಕೇನೋ ಎಂಬ ಅನುಮಾನ ಬಂದ ಕಡೆಯೇ ಕೈ ತೆಗೆಯಿರಿ.